ಕಾಲು ನೆಲ ಬಿಡುವ ಮೊದಲು

ಮಳೆಗಾಲ ಮುಗಿದು ಅಕ್ಟೋಬರ್ ಬಂತು ಅಂದರೆ ಕಾರವಾರದಿಂದ ಭಟ್ಕಳದವರೆಗೆ ಅಲ್ಲಲ್ಲಿ ಪ್ಯಾರಾಮೋಟರ್ ಸದ್ದು ಶುರು. ಬೆನ್ನಿಗೆ ಎಂಜಿನ್, ತಲೆ ಮೇಲೆ ಬಟ್ಟೆಯ ರೆಕ್ಕೆ (ವಿಂಗ್), ಅಷ್ಟೇ ಈ ವಿಮಾನ. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹಾರುವ ಮೊದಲಿನ ತಪಾಸಣೆ ಬಗ್ಗೆಯೇ ಇವೆ. ಓದಿ ತುಂಬಾ ಖುಷಿಯಾಯಿತು. ಹಾರೋದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ, ಹಾರೋ ಮುಂಚೆ ಏನು ನೋಡಬೇಕು ಅಂತ ಕೇಳುವವರು ಕಡಿಮೆ.

ತರಬೇತಿ ಮುಗಿಸಿ ಈಗಷ್ಟೇ ಸ್ವಂತ ಸೆಟ್ ತಗೊಂಡಿದ್ದೇನೆ ಸರ್. ನಮ್ಮ ಗುಂಪಿನಲ್ಲಿ ಕೆಲವರು ಐದು ನಿಮಿಷದಲ್ಲಿ ಚೆಕ್ ಮುಗಿಸುತ್ತಾರೆ. ಒಬ್ಬರು ಮಾತ್ರ ಅರ್ಧ ತಾಸು ಹಿಡಿಯುತ್ತಾರೆ. ಯಾರದ್ದು ಸರಿ?
— ಓದುಗರೊಬ್ಬರು, ಕಾರವಾರ

ಅರ್ಧ ತಾಸಿನವರದ್ದು ಸರಿ. ಆದರೆ ಆ ಅರ್ಧ ತಾಸಿನಲ್ಲಿ ಬಹುಪಾಲು ಹಿಂದಿನ ದಿನ ಸಂಜೆ ಮನೆಯಲ್ಲೇ ಮುಗಿಯಬೇಕು. ಬೀಚಿನಲ್ಲಿ ಗಾಳಿ ಚೆನ್ನಾಗಿರುತ್ತದೆ, ಗೆಳೆಯರು ಆಗಲೇ ಮೇಲೆ ಹೋಗಿರುತ್ತಾರೆ, ಸುತ್ತ ಜನ ಮೊಬೈಲ್ ಹಿಡಿದು ನಿಂತಿರುತ್ತಾರೆ. ಅಂಥ ಹೊತ್ತಲ್ಲಿ ಒಂದು ಬೋಲ್ಟ್ ಸಡಿಲ ಕಂಡರೂ ‘ಇರಲಿ ಬಿಡು, ಇಳಿದ ಮೇಲೆ ನೋಡೋಣ’ ಅನ್ನಿಸಿಬಿಡುತ್ತದೆ. ಅದೇ ಬೋಲ್ಟ್ ಮನೆಯಲ್ಲಿ ಕಂಡರೆ ಕೈ ತಾನಾಗಿ ಸ್ಪ್ಯಾನರ್ ಹುಡುಕುತ್ತದೆ.

ಎರಡನೆಯ ಮಾತು, ಕಣ್ಣಲ್ಲಿ ನೋಡಿದರೆ ಸಾಲದು. ಪ್ರತಿಯೊಂದನ್ನೂ ಮುಟ್ಟಿ, ಅಲುಗಾಡಿಸಿ, ಎಳೆದು ನೋಡಬೇಕು.

ಪ್ರೊಪೆಲ್ಲರಿನಿಂದ ಶುರು ಮಾಡಿ. ಮೊದಲು ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತಿಡಿ, ಕೈಯಲ್ಲಿ ತಿರುಗಿಸುವಾಗ ಎಂಜಿನ್ ಹತ್ತಿಕೊಳ್ಳಬಾರದು. ಆಮೇಲೆ ಗಾಳಿ ಸೀಳುವ ಅಂಚಿನ ಮೇಲೆ ನಡುವಿನಿಂದ ತುದಿಯವರೆಗೆ ಉಗುರು ಎಳೆಯಿರಿ. ಕಣ್ಣಿಗೆ ಕಾಣದ ಗೀರು ಉಗುರಿಗೆ ಸಿಕ್ಕುತ್ತದೆ. ನಮ್ಮ ಕಡೆ ಮರಳಿನ ಮೇಲೆ ಎಂಜಿನ್ ಓಡಿಸುವವರೇ ಜಾಸ್ತಿ. ಎದ್ದ ಮರಳು ಮತ್ತು ಚಿಪ್ಪಿನ ಚೂರು ತುದಿಯನ್ನು ತಿನ್ನುತ್ತಾ ಹೋಗುತ್ತದೆ. ತುದಿಯಲ್ಲಿ ಚೂರು ಹಾರಿದ ಪ್ರೊಪೆಲ್ಲರ್ ಸಮತೂಕ ಕಳೆದುಕೊಂಡು ನಡುಗುತ್ತದೆ, ಆ ನಡುಕ ಎಂಜಿನ್ನಿನ ಎಲ್ಲ ಬೋಲ್ಟುಗಳನ್ನೂ ಒಂದೊಂದಾಗಿ ಸಡಿಲಿಸುತ್ತದೆ. ಮರದ ಪ್ರೊಪೆಲ್ಲರ್ ಇದ್ದರೆ ಇನ್ನೊಂದು ವಿಷಯ ಗಮನಿಸಿ. ಜುಲೈನ ತೇವಕ್ಕೆ ಉಬ್ಬಿದ ಮರ ಡಿಸೆಂಬರಿನ ಒಣ ಹವೆಗೆ ಕುಗ್ಗುತ್ತದೆ, ಆಗ ಬಿಗಿಯಾಗಿದ್ದ ಬೋಲ್ಟೂ ಸಡಿಲವಾಗುತ್ತದೆ. ಋತು ಬದಲಾದಾಗ ಟಾರ್ಕ್ ರೆಂಚ್ ಹಿಡಿದು, ತಯಾರಕರು ಕೊಟ್ಟ ಅಳತೆಗೆ, ಎದುರುಬದುರಿನ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬನ್ನಿ.

ನಂತರ ಸೈಲೆನ್ಸರ್. ಅದನ್ನು ಹಿಡಿದಿರುವ ರಬ್ಬರ್ ಬುಷ್‌ಗಳನ್ನು ಬೆರಳಿನಿಂದ ಒತ್ತಿ ನೋಡಿ, ಬಿರುಕು ಬಿಟ್ಟಿದ್ದರೆ ಒತ್ತಿದಾಗ ಬಾಯಿ ತೆರೆಯುತ್ತದೆ. ಸ್ಪ್ರಿಂಗ್‌ಗಳಿಗೆ ಭದ್ರತೆಗೆ ಸುತ್ತಿದ ತಂತಿ ಇದೆಯಾ, ಬ್ರಾಕೆಟ್ ಬೆಸುಗೆ ಬಿಟ್ಟಿದೆಯಾ ನೋಡಿ. ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಪ್ಯಾರಾಮೋಟರಿನಲ್ಲಿ ಪ್ರೊಪೆಲ್ಲರ್ ಎಂಜಿನ್ನಿನ ಹಿಂದೆ ಇರುತ್ತದೆ. ಎಂಜಿನ್ನಿನಿಂದ ಕಳಚಿದ ಒಂದು ಸ್ಪ್ರಿಂಗ್ ಆಗಲಿ, ನಟ್ ಆಗಲಿ, ಸೀದಾ ಪ್ರೊಪೆಲ್ಲರಿಗೇ ಹೋಗುತ್ತದೆ. ಎಂಜಿನ್ನನ್ನೇ ಹಿಡಿದಿರುವ ರಬ್ಬರ್ ಮೌಂಟುಗಳು, ಕಾರ್ಬ್ಯುರೇಟರ್, ಏರ್‌ಬಾಕ್ಸ್, ಎಲ್ಲವನ್ನೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಎಳೆಯುವ ಸ್ಟಾರ್ಟರ್ ಹಗ್ಗವನ್ನು ಪೂರ್ತಿ ಹೊರಗೆಳೆದು ಎಳೆ ಬಿಟ್ಟಿದೆಯಾ ನೋಡಿ.

ಹಾರ್ನೆಸ್ಸಿನ, ಅಂದರೆ ಮೈಗೆ ಕಟ್ಟಿಕೊಳ್ಳುವ ಪಟ್ಟಿಗಳ ಹೊಲಿಗೆ ನೋಡಿ. ಕ್ಯಾರಬಿನರ್ (ವಿಂಗ್ ಸಿಕ್ಕಿಸುವ ಲೋಹದ ಕೊಂಡಿ), ಬಕಲ್ ಒಂದೊಂದನ್ನೂ ತೆರೆದು ಮತ್ತೆ ಹಾಕಿ. ಮರಳು ಹೊಕ್ಕ ಬಕಲ್ ಕ್ಲಿಕ್ ಅಂತ ಸದ್ದು ಮಾಡಿದರೂ ಪೂರ್ತಿ ಕೂತಿರುವುದಿಲ್ಲ. ಹಾಕಿದ ಮೇಲೆ ಜಗ್ಗಿ ನೋಡುವುದು ಅದಕ್ಕೇ. ರಿಸರ್ವ್ ಪ್ಯಾರಾಶೂಟಿನ ಪಿನ್ ಸರಿಯಾಗಿ ಒಳಗೆ ಕೂತಿದೆಯಾ, ಹಿಡಿಕೆ ಕೈಗೆ ಸುಲಭವಾಗಿ ಸಿಗುತ್ತದೆಯಾ ನೋಡಿ.

ಇಷ್ಟು ಮನೆಯಲ್ಲಿ ಮುಗಿದರೆ ಬೀಚಿನಲ್ಲಿ ಉಳಿಯುವುದು ವಿಂಗ್, ಎಂಜಿನ್ ಸ್ಟಾರ್ಟ್, ಕೊನೆಯ ಸುತ್ತು. ವಿಂಗ್ ಹರಡಿ ಲೈನ್‌ಗಳನ್ನು, ಅಂದರೆ ಅದರ ತೆಳು ಹಗ್ಗಗಳನ್ನು, ರೈಸರಿನಿಂದ (ಹಾರ್ನೆಸ್ಸಿಗೆ ಸಿಕ್ಕಿಸುವ ಪಟ್ಟಿ) ಬಟ್ಟೆಯವರೆಗೆ ಬೆರಳಲ್ಲಿ ಬಿಡಿಸುತ್ತಾ ಹೋಗಿ. ವಿಂಗಿನ ಮುಂದಿನ ಸಾಲಿನ ಎ ಲೈನ್ ಮೇಲೆ ಬರಬೇಕು, ಅದರ ಕೆಳಗೆ ಹಿಂದಿನ ಸಾಲುಗಳ ಬಿ, ಸಿ. ಬ್ರೇಕ್ ಲೈನ್ ಯಾವುದಕ್ಕೂ ಸುತ್ತಿಕೊಳ್ಳದೆ ಹೊರಗಿರಬೇಕು. ಗಾಳಿಮರದ ಒಣ ಕಡ್ಡಿ ಲೈನಿಗೆ ಸಿಕ್ಕಿಕೊಂಡರೆ ನಮ್ಮ ಬೀಚುಗಳ ಮರಳಿನ ಮೇಲೆ ಅದು ಗಮನಕ್ಕೇ ಬರುವುದಿಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ. ವಿಂಗಿನ ವೇಗ ಹೊಂದಿಸುವ ಟ್ರಿಮ್ಮರ್ ಪಟ್ಟಿಗಳು ಎರಡೂ ಕಡೆ ಒಂದೇ ಗುರುತಿನಲ್ಲಿವೆಯಾ? ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಎಳೆದಿದ್ದರೆ ನೆಲ ಬಿಟ್ಟ ಕೂಡಲೇ ವಿಂಗ್ ಒಂದು ಕಡೆಗೆ ತಿರುಗುತ್ತದೆ. ವಿಂಗಿನ ಹಿಂಬದಿ ಅಂಚನ್ನು ಎತ್ತಿ, ಒಳಗೆ ಕೂತ ಮರಳನ್ನು ಸುರಿದು ಹಾಕಿ. ಮರಳು ತುಂಬಿದ ವಿಂಗ್ ಸೋಮಾರಿಯಾಗಿ ಏಳುತ್ತದೆ, ಸ್ಟಾಲ್ ಆಗುವುದೂ (ಎತ್ತುವ ಶಕ್ತಿ ಕಳೆದುಕೊಳ್ಳುವುದೂ) ಬೇಗ.

ಎಂಜಿನ್ ಸ್ಟಾರ್ಟ್ ಮಾಡುವ ಹೊತ್ತು ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕದ್ದು. ಈ ಆಟದಲ್ಲಿ ಕೈಬೆರಳು ಹೋಗುವ ದೊಡ್ಡ ಗಾಯಗಳು ಬಹಳಷ್ಟು ಆಕಾಶದಲ್ಲಿ ಆಗುವುದಿಲ್ಲ, ನೆಲದ ಮೇಲೆ ಎಂಜಿನ್ ಹತ್ತುವಾಗ ಆಗುತ್ತವೆ. ಥ್ರಾಟಲ್ ಕೇಬಲ್ ಸಿಕ್ಕಿಕೊಂಡಿರುತ್ತದೆ, ಹಗ್ಗ ಎಳೆದ ಕೂಡಲೇ ಎಂಜಿನ್ ಪೂರ್ತಿ ವೇಗದಲ್ಲಿ ಹತ್ತಿಕೊಂಡು ಎದುರು ನಿಂತವರ ಮೇಲೆ ನುಗ್ಗುತ್ತದೆ, ತಡೆಯಲು ಹೋದ ಕೈ ಪ್ರೊಪೆಲ್ಲರ್ ಸುತ್ತಲಿನ ಕೇಜಿನ ಬಲೆಯೊಳಗೆ. ಆ ಬಲೆ ಲೈನ್‌ಗಳನ್ನು ತಡೆಯಲು ಇರುವುದು, ಜೋರಾಗಿ ಒತ್ತಿದ ಕೈಯನ್ನು ಅದು ತಡೆಯುವುದಿಲ್ಲ. ಆದ್ದರಿಂದ ಥ್ರಾಟಲ್ ಒತ್ತಿ ಬಿಡಿ, ‘ಟಕ್’ ಅಂತ ತಾನಾಗಿ ವಾಪಸ್ ಬರಬೇಕು. ಆಫ್ ಸ್ವಿಚ್ ಬೆರಳಡಿ ಇರಬೇಕು. ಸುತ್ತ ಯಾರೂ ಇಲ್ಲ ಅಂತ ನೋಡಿ ಜೋರಾಗಿ ಕೂಗಿ ಹೇಳಿ. ಫ್ರೇಮನ್ನು ಗಟ್ಟಿಯಾಗಿ ಹಿಡಿದು, ಕಾಲು ಊರಿ, ಆಮೇಲೆ ಹಗ್ಗ ಎಳೆಯಿರಿ. ಕೆಳಗೆ ಟಾರ್ಪಾಲ್ ಹಾಸಿ, ಆದರೆ ಅದರ ಅಂಚು ಹಾರದಂತೆ ಮರಳು ಮುಚ್ಚಿ. ಬೆನ್ನಿಗೆ ಹಾಕಿದ ಮೇಲೆ ಒಮ್ಮೆ ಪೂರ್ತಿ ಥ್ರಾಟಲ್ ಕೊಟ್ಟು ಎಳೆತ ಸರಿ ಇದೆಯಾ ನೋಡಿ, ಒಮ್ಮೆ ಆಫ್ ಮಾಡಿ ನಿಜವಾಗಿ ನಿಲ್ಲುತ್ತದೆಯಾ ನೋಡಿ.

ಇನ್ನು ಕಾಲಿನ ಪಟ್ಟಿ. ಹಾರ್ನೆಸ್ಸಿನಲ್ಲಿ ಮೊದಲು ಹಾಕುವುದು ಅದು, ಕೊನೆಗೆ ಬಿಚ್ಚುವುದೂ ಅದು. ಎದೆಯ ಪಟ್ಟಿ ಹಾಕಿ ಕಾಲಿನದ್ದು ಮರೆತರೆ ನಿಂತಾಗ ಏನೂ ಗೊತ್ತಾಗುವುದಿಲ್ಲ, ಎಲ್ಲ ಬಿಗಿಯಾಗಿಯೇ ಇರುತ್ತದೆ. ನೆಲ ಬಿಟ್ಟ ಕೂಡಲೇ ದೇಹ ಕೆಳಗೆ ಜಾರಿ ಕಂಕುಳಲ್ಲಿ ನೇತಾಡುತ್ತದೆ, ಎದೆ ಪಟ್ಟಿ ಕುತ್ತಿಗೆಗೆ ಬರುತ್ತದೆ. ಇದರಿಂದ ಅನುಭವಿಗಳೂ ಜೀವ ಕಳೆದುಕೊಂಡಿದ್ದಾರೆ.

ಮತ್ತೆ ಚೆಕ್ ಮಾಡುತ್ತಿರುವಾಗ ಯಾರಾದರೂ ‘ಅಣ್ಣಾ, ಒಂದ್ ಸೆಲ್ಫಿ’ ಅಂತ ಬಂದರೆ, ಫೋನ್ ಬಂದರೆ, ಅಲ್ಲಿಂದ ಮುಂದುವರಿಸಬೇಡಿ. ಮೊದಲಿನಿಂದ ಶುರು ಮಾಡಿ. ಮಾತು ಮುಗಿಸಿ ತಿರುಗಿದಾಗ ‘ಇದನ್ನು ಆಗಲೇ ನೋಡಿದ್ದೆ’ ಅಂತ ಮನಸ್ಸು ಹೇಳುತ್ತದೆ, ಅಷ್ಟರಲ್ಲಿ ಒಂದು ಬಕಲ್ ತಪ್ಪಿರುತ್ತದೆ.

ಹೋದ ತಿಂಗಳು ಉಳಿದಿದ್ದ ಪೆಟ್ರೋಲ್ ಹಾಕಿ ಹಾರಿದೆ. ಹತ್ತು ನಿಮಿಷಕ್ಕೆ ಎಂಜಿನ್ ಕೆಮ್ಮಿ ನಿಂತುಹೋಯಿತು. ಪುಣ್ಯಕ್ಕೆ ಬೀಚಿನ ಮೇಲೇ ಇದ್ದೆ. ಪೆಟ್ರೋಲ್ ಹಾಳಾಗುತ್ತದೆಯೇ?
— ಓದುಗರೊಬ್ಬರು, ಅಂಕೋಲಾ

ಹಾಳಾಗುತ್ತದೆ, ಅದರಲ್ಲೂ ನಮ್ಮ ಕರಾವಳಿಯಲ್ಲಿ ಬೇಗ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾದವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಒಂದು ಮಿತಿ ದಾಟಿದರೆ ನೀರು ಮತ್ತು ಎಥನಾಲ್ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಎಂಜಿನ್ನಿಗೆ ಹೋಗುವ ಪೈಪ್ ಇರುವುದೂ ತಳದಲ್ಲೇ ಅಲ್ವಾ? ಪೆಟ್ರೋಲಿಗೆ ಬೆರೆಸಿದ ಎಣ್ಣೆ ಮೇಲಿನ ಪದರದಲ್ಲೇ ಉಳಿದಿರುತ್ತದೆ, ತಳದ ನೀರಿನಲ್ಲಿ ಎಣ್ಣೆ ಇರುವುದಿಲ್ಲ. ನಮ್ಮ ಟೂ ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಮೂಲಕ ಮಾತ್ರ. ಹಾಗಾಗಿ ಎಂಜಿನ್ ನಿಲ್ಲುವುದಷ್ಟೇ ಅಲ್ಲ, ಪಿಸ್ಟನ್ ಹಿಡಿದುಕೊಳ್ಳಬಹುದು.

ಸಂಶಯ ಬಂದರೆ ಒಂದು ಗಾಜಿನ ಬಾಟಲಿಗೆ ಟ್ಯಾಂಕಿನ ತಳದಿಂದ ಸ್ವಲ್ಪ ತೆಗೆದು ಬೆಳಕಿಗೆ ಹಿಡಿಯಿರಿ. ಸ್ವಲ್ಪ ಹೊತ್ತು ಬಿಟ್ಟರೆ ಎರಡು ಪದರ ಕಾಣುತ್ತದೆ, ಅಥವಾ ಮಂಜುಮಂಜಾಗಿರುತ್ತದೆ. ಅದನ್ನು ವಾಪಸ್ ಸುರಿಯಬೇಡಿ. ಹಾರುವ ದಿನಕ್ಕೆ ಬೇಕಾದಷ್ಟೇ ಕಲಸಿಕೊಳ್ಳಿ. ಶೇಕಡಾ 2 ಅಂದರೆ 5 ಲೀಟರ್ ಪೆಟ್ರೋಲಿಗೆ 100 ಮಿಲಿ ಎಣ್ಣೆ. ನಿಮ್ಮ ಎಂಜಿನ್ನಿನ ಪುಸ್ತಕದಲ್ಲಿ 2.5 ಅಂತ ಇದ್ದರೆ 125 ಮಿಲಿ. ಅಂದಾಜಿಗೆ ಹಾಕಬೇಡಿ, ಔಷಧಿ ಅಂಗಡಿಯಲ್ಲಿ ಸಿಗುವ ದೊಡ್ಡ ಸಿರಿಂಜ್ ಇದಕ್ಕೆ ಅನುಕೂಲ.

ಜೊತೆಗೆ ಟ್ಯಾಂಕಿಗೆ ಗಾಳಿ ಹೋಗುವ ತೂತು ನೋಡಿ. ಅದು ಮುಚ್ಚಿದ್ದರೆ ಪೆಟ್ರೋಲ್ ಚೆನ್ನಾಗಿದ್ದರೂ ಎಂಜಿನ್ ಇದೇ ರೀತಿ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ.

ಬೆಳಿಗ್ಗೆ ಗಾಳಿ ತುಂಬಾ ಮೆದು ಇರುತ್ತದೆ. ಕಡಲ ಮೇಲೆ ಸ್ವಲ್ಪ ದೂರ ಹೋಗಿ ಬರಬಹುದಾ? ಎಷ್ಟು ದೂರ?
— ಓದುಗರೊಬ್ಬರು, ಕುಮಟಾ

ಬೆಳಗಿನ ಗಾಳಿ ಮೆದು ಹೌದು, ಆದರೆ ಅದು ಯಾವ ಕಡೆಗೆ ಬೀಸುತ್ತದೆ ಅಂತ ನೋಡಿದ್ದೀರಾ? ರಾತ್ರಿ ನೆಲ ತಣ್ಣಗಾಗಿ ಗಾಳಿ ನೆಲದಿಂದ ಕಡಲಿಗೆ ಹೋಗುತ್ತಿರುತ್ತದೆ. ಮೀನುಗಾರರ ದೋಣಿ ಹಾಯಿ ಕಟ್ಟಿ ಬೆಳಗಿನ ಜಾವ ಹೊರಡುತ್ತಿದ್ದದ್ದು ಇದೇ ಗಾಳಿ ನಂಬಿ. ಬಿಸಿಲೇರಿದ ಮೇಲೆ ತಿರುಗಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ. ಅಂದರೆ ಬೆಳಿಗ್ಗೆ ನೀವು ಕಡಲಿನ ಕಡೆಗೆ ಹೋಗುವುದು ಸುಲಭ, ಎಂಜಿನ್ ನಿಂತರೆ ವಾಪಸ್ ಬರುವುದು ಗಾಳಿಗೆ ಎದುರಾಗಿ.

ಲೆಕ್ಕ ಹಾಕೋಣ. ಎಂಜಿನ್ ನಿಂತ ಪ್ಯಾರಾಮೋಟರ್ 1 ಮೀಟರ್ ಇಳಿಯುವಷ್ಟರಲ್ಲಿ 6 ಮೀಟರ್ ಮುಂದೆ ಹೋಗುತ್ತದೆ ಅಂತ ಇಟ್ಟುಕೊಳ್ಳಿ. 100 ಮೀಟರ್ ಎತ್ತರದಲ್ಲಿದ್ದರೆ ಗಾಳಿ ಇಲ್ಲದಾಗ 600 ಮೀಟರ್. ನಿಮ್ಮ ವೇಗ ಗಂಟೆಗೆ 40 ಕಿ.ಮೀ., ಎದುರುಗಾಳಿ 15 ಕಿ.ಮೀ. ಆದರೆ ಆ 600 ಮೀಟರ್ 375ಕ್ಕೆ ಇಳಿಯುತ್ತದೆ. ತಿರುಗುವುದರಲ್ಲೇ ಸ್ವಲ್ಪ ಎತ್ತರ ಹೋಗುತ್ತದೆ. ಹಾಗಾಗಿ ನನ್ನ ಉತ್ತರ, ಒಣ ಮರಳಿಗೆ ಎಂಜಿನ್ ಇಲ್ಲದೆ ತಲುಪಲಾಗದ ಕಡೆ ಹೋಗಲೇಬೇಡಿ. ಪ್ಯಾರಾಮೋಟರಿನವರಿಗೆ ಬಿದ್ದ ಪೆಟ್ಟಿಗಿಂತ ನೀರೇ ಹೆಚ್ಚು ಅಪಾಯ. ಬೆನ್ನಿಗೆ 25ರಿಂದ 30 ಕಿಲೋ ಎಂಜಿನ್, ಮೈಗೆ ನಾಲ್ಕೈದು ಪಟ್ಟಿ, ತಲೆ ಮೇಲೆ ಬೀಳುವ ಒದ್ದೆ ಬಟ್ಟೆ, ಸುತ್ತ ಲೈನ್. ಈಜು ಬರುತ್ತದೆ ಅನ್ನುವುದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ನೀರು ತಾಗಿದ ಕೂಡಲೇ ತಾನಾಗಿ ಉಬ್ಬುವ ತೇಲುವ ಸಾಧನ ಎಂಜಿನ್ ಫ್ರೇಮಿಗೆ ಕಟ್ಟುವಂಥದ್ದು ಸಿಗುತ್ತದೆ. ಕರಾವಳಿಯಲ್ಲಿ ಹಾರುವವರು ವಿಂಗಿಗೆ ದುಡ್ಡು ಹಾಕಿದ ಹಾಗೆ ಇದಕ್ಕೂ ಹಾಕಿ. ಲೈನ್ ಕತ್ತರಿಸುವ ಕೊಕ್ಕೆ ಚಾಕು ಎದೆಯ ಪಟ್ಟಿಯಲ್ಲಿ, ಎರಡೂ ಕೈಗೆ ಸಿಗುವಲ್ಲಿ ಇರಲಿ.

ಬೆಳಿಗ್ಗೆ ಇನ್ನೊಂದು ತೊಂದರೆ. ಗಾಳಿ ಗಾಳಿಮರದ ತೋಪಿನ ಮೇಲಿಂದ ಬೀಚಿಗೆ ಬರುತ್ತದೆ, ಮರದ ಹಿಂದೆ ಸುಳಿಯಾಗಿ ಉರುಳುತ್ತದೆ. ಮರದ ಎತ್ತರದ ಏಳೆಂಟು ಪಟ್ಟು ದೂರದವರೆಗೂ ಆ ಸುಳಿ ಇರಬಹುದು. ಬೀಚು ಅಗಲ ಕಡಿಮೆ ಇರುವ ಕಡೆ ನೆಲಗಾಳಿಯಲ್ಲಿ ಹಾರುವುದೇ ಬೇಡ. ಕಡಲಗಾಳಿ ಶುರುವಾಗಿ ಸ್ಥಿರವಾಗುವವರೆಗೆ ಕಾಯಿರಿ, ಗಂಟೆಗೆ 8ರಿಂದ 15 ಕಿ.ಮೀ. ಇದ್ದರೆ ಚೆನ್ನ. ಅದಕ್ಕಿಂತ ಜೋರಾದರೆ ಹೊಸಬರು ವಿಂಗ್ ಬಿಚ್ಚದಿರುವುದೇ ಒಳ್ಳೆಯದು.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಭತ್ತ ಕೊಯ್ದ ಮೇಲೆ ಗದ್ದೆ ಬಯಲು ಖಾಲಿ. ಅಲ್ಲಿಂದ ಹಾರಬಹುದಾ?
— ಓದುಗರೊಬ್ಬರು, ಶಿರಸಿ

ಗದ್ದೆಯ ಸುತ್ತ ಏನಿದೆ ಅನ್ನುವುದರ ಮೇಲೆ. ನಿಮ್ಮಲ್ಲಿ ಗದ್ದೆ ಮುಗಿದಲ್ಲಿ ಅಡಿಕೆ ತೋಟ, ತೋಟದ ಮೇಲೆ ಬೆಟ್ಟ. ಎಂಜಿನ್ ಸೆಕೆಂಡಿಗೆ ಒಂದೂವರೆ ಮೀಟರ್ ಏರಿಸುತ್ತದೆ ಅಂದುಕೊಂಡರೆ, ಗಾಳಿ ಇಲ್ಲದಾಗ 20 ಮೀಟರಿನ ಅಡಿಕೆ ಮರ ದಾಟಲು ಕಾಲು ನೆಲ ಬಿಟ್ಟ ಮೇಲೆ ಸುಮಾರು 150 ಮೀಟರ್ ಜಾಗ ಬೇಕು. ಓಡುವ ಜಾಗ ಬೇರೆ. ಹಿಂದಿನ ದಿನ ಆ ಬಯಲನ್ನು ಉದ್ದಕ್ಕೂ ನಡೆದು ನೋಡಿ. ಗದ್ದೆಯ ಹಾಳಿ (ಬದು) ಎಲ್ಲೆಲ್ಲಿ ಕಾಲಿಗೆ ಅಡ್ಡ ಬರುತ್ತದೆ, ಪಂಪ್‌ಸೆಟ್ಟಿಗೆ ಎಳೆದ ಕರೆಂಟ್ ತಂತಿ ಎಲ್ಲಿ ಹಾದಿದೆ ಅಂತ ಕಂಬ ಕಂಬ ನೋಡಿ. ಮೇಲಿನಿಂದ ತಂತಿ ಕಾಣುವುದಿಲ್ಲ, ಕಂಬ ಮಾತ್ರ ಕಾಣುತ್ತದೆ. ಮೇಲೆ ಹೋದ ಮೇಲೂ ಇಳಿಯಲು ಇನ್ನೊಂದು ಬಯಲು ಕಣ್ಣಳತೆಯಲ್ಲಿ ಇಲ್ಲದಿದ್ದರೆ ಕಾಡಿನ ಮೇಲೆ ಹೋಗಬೇಡಿ. ಕಲಿಯುವ ಹಂತದಲ್ಲಿದ್ದರೆ ಕರಾವಳಿಗೇ ಇಳಿದು ಬನ್ನಿ.

ಮಗ, ಸೊಸೆ ಬೀಚಿಗೆ ಹೋದಾಗ ಜಾಲಿ ರೈಡ್ ಅಂತ ಇದರಲ್ಲಿ ಕೂರುತ್ತಾರಂತೆ. ನಮಗೆ ಏನೂ ಗೊತ್ತಿಲ್ಲ. ಕೂರುವವರು ಏನು ನೋಡಬೇಕು?
— ಓದುಗರಾದ ತಾಯಿಯೊಬ್ಬರು, ಹೊನ್ನಾವರ

ಅಮ್ಮಾ, ನಿಮ್ಮ ಆತಂಕ ಸರಿಯಾದದ್ದೇ. 2020ರ ಅಕ್ಟೋಬರಿನಲ್ಲಿ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಪ್ಯಾರಾಮೋಟರ್ ಕಡಲಿಗೆ ಬಿದ್ದು, ಅದರಲ್ಲಿದ್ದ ನೌಕಾಪಡೆಯ ಅಧಿಕಾರಿಯೊಬ್ಬರು ತೀರಿಕೊಂಡರು.

ಮಗನಿಗೆ ಹೇಳಿ, ದುಡ್ಡು ಕೊಡುವ ಮೊದಲು ಹದಿನೈದು ನಿಮಿಷ ದೂರ ನಿಂತು ನೋಡಲಿ. ಒಬ್ಬರನ್ನು ಇಳಿಸಿ ಇನ್ನೊಬ್ಬರನ್ನು ಕೂರಿಸುವ ನಡುವೆ ಪೈಲಟ್ ಏನಾದರೂ ಮುಟ್ಟಿ ನೋಡುತ್ತಾನಾ, ಅಥವಾ ಎಂಜಿನ್ ಆಫ್ ಕೂಡ ಮಾಡದೆ ಹತ್ತಿಸಿಕೊಳ್ಳುತ್ತಾನಾ? ಎಂಜಿನ್ ಓಡುತ್ತಿರುವಾಗ ಹತ್ತಿಸಿಕೊಳ್ಳುವವರ ಹತ್ತಿರ ಹೋಗುವುದೇ ಬೇಡ. ಅನುಮತಿ ಪತ್ರ, ವಿಮೆ ತೋರಿಸಿ ಅಂತ ಕೇಳಲಿ, ಸರಿಯಾಗಿ ನಡೆಸುವವರು ಕೇಳಿದ್ದಕ್ಕೆ ಸಿಟ್ಟಾಗುವುದಿಲ್ಲ. ತೇಲುವ ಸಾಧನ ಇದೆಯಾ, ಪಟ್ಟಿ ಬಿಚ್ಚುವುದು ಹೇಗೆ ಅಂತ ಕೂರುವ ಮೊದಲೇ ತೋರಿಸಿಕೊಳ್ಳಲಿ. ಸೊಸೆ ದುಪಟ್ಟಾ ತೆಗೆದಿಡಲಿ, ಜಡೆಯನ್ನು ಹೆಲ್ಮೆಟ್ಟಿನೊಳಗೆ ಸೇರಿಸಲಿ, ಕೈಯಲ್ಲಿ ಮೊಬೈಲ್ ಬೇಡ. ಜಾರಿದ ಮೊಬೈಲ್ ಹಿಂದೆ ಪ್ರೊಪೆಲ್ಲರಿಗೆ ಹೋಗುತ್ತದೆ. ಕಾಲಿನ ಪಟ್ಟಿಗಳನ್ನು ಪೈಲಟ್ ಹಾಕಿದ ಮೇಲೂ ತಾವೇ ಒಮ್ಮೆ ಜಗ್ಗಿ ನೋಡಲಿ.

ಕಾರವಾರದಲ್ಲಿ ಎಲ್ಲಿ ಬೇಕಾದರೂ ಹಾರಬಹುದಾ?
— ಓದುಗರೊಬ್ಬರು, ಸದಾಶಿವಗಡ

ಇಲ್ಲ. ಅರ್ಗಾದಲ್ಲಿ ಕದಂಬ ನೌಕಾನೆಲೆ ಇದೆ, ಕಾಳಿ ನದಿ ಹಿಡಿದು ಒಳಗೆ ಹೋದರೆ ಕೈಗಾ ಅಣುವಿದ್ಯುತ್ ಸ್ಥಾವರ. ಎರಡರ ಹತ್ತಿರವೂ ಸುಳಿಯಬೇಡಿ. ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ನಿಯಮ ಇದೆ, ಜಿಲ್ಲಾಡಳಿತ ಮತ್ತು ಪೊಲೀಸರ ಅನುಮತಿಯೂ ಬೇಕು. ಹಾರುವ ದಿನ ಹೊಸ ನಿರ್ಬಂಧ ಏನಾದರೂ ಬಂದಿದೆಯಾ ಅಂತ ವಿಚಾರಿಸುವುದನ್ನೂ ನಿಮ್ಮ ಚೆಕ್ ಪಟ್ಟಿಗೆ ಸೇರಿಸಿ.

ಇಳಿಯುವಾಗ ಅಲೆ ಬಂದು ವಿಂಗ್ ಪೂರ್ತಿ ಉಪ್ಪುನೀರಿನಲ್ಲಿ ನೆನೆಯಿತು. ಒಣಗಿಸಿ ಹಾರಬಹುದಲ್ವಾ?
— ಓದುಗರೊಬ್ಬರು, ಮುರ್ಡೇಶ್ವರ

ಸುಮ್ನೆ ಒಣಗಿಸಿದರೆ ಆಗುವುದಿಲ್ಲ. ನೀರು ಆರಿದ ಮೇಲೆ ಉಪ್ಪು ಹರಳಾಗಿ ಬಟ್ಟೆಯಲ್ಲಿ, ಲೈನಿನ ಎಳೆಗಳ ನಡುವೆ ಉಳಿಯುತ್ತದೆ, ಪ್ರತಿ ಸಲ ಮಡಿಸಿದಾಗಲೂ ಒಳಗಿನಿಂದ ಉಜ್ಜುತ್ತದೆ. ಅದೇ ದಿನ ಸಿಹಿನೀರಿನಲ್ಲಿ ಎರಡು ಮೂರು ಸಲ ಅದ್ದಿ ತೆಗೆಯಿರಿ. ಸೋಪು ಬೇಡ, ಉಜ್ಜುವುದು ಬೇಡ. ಒಳಗೆ ನೀರು ತುಂಬಿರುವಾಗ ಲೈನ್ ಹಿಡಿದು ಎತ್ತಬೇಡಿ, ನೀರಿನ ಭಾರಕ್ಕೆ ಒಳಗಿನ ಅಡ್ಡಗೋಡೆಯ ಬಟ್ಟೆ ಹರಿಯುತ್ತದೆ. ನೀರು ಬಸಿದು ನೆರಳಿನಲ್ಲಿ ಒಣಗಿಸಿ, ಬಿಸಿಲು ಈ ಬಟ್ಟೆಗೆ ಒಳ್ಳೆಯದಲ್ಲ.

ರಿಸರ್ವ್ ಪ್ಯಾರಾಶೂಟ್ ಕೂಡ ನೆನೆದಿದ್ದರೆ ಬಿಚ್ಚಿ ತೊಳೆದು ಒಣಗಿಸಿ, ಗೊತ್ತಿರುವವರ ಕೈಯಲ್ಲಿ ಮತ್ತೆ ಮಡಿಸಬೇಕು. ಕ್ಯಾರಬಿನರ್, ಬಕಲ್, ಪುಲ್ಲಿಗಳನ್ನು ಸಿಹಿನೀರಿನಲ್ಲಿ ತೊಳೆದು ತುಕ್ಕು ಬಂದಿದೆಯಾ ನೋಡಿ. ಎಂಜಿನ್ನೂ ನೀರಿಗೆ ಹೋಗಿದ್ದರೆ ಸ್ಟಾರ್ಟ್ ಮಾಡಲು ಹೋಗದೆ, ಪ್ಲಗ್ ತೆಗೆದು ತೊಳೆದು, ಅದೇ ದಿನ ಮೆಕ್ಯಾನಿಕ್ ಹತ್ತಿರ ಒಯ್ಯಿರಿ.

ಎಲ್ಲ ಒಣಗಿದ ಮೇಲೆ ಒಮ್ಮೆ ಲೈನ್‌ಗಳ ಉದ್ದ ಅಳೆಸಿ. ನೆನೆದು ಒಣಗಿದಾಗ ಕೆಲವು ಲೈನ್ ಕುಗ್ಗುತ್ತವೆ. ಭಾರ ಕಡಿಮೆ ಬೀಳುವ ಹಿಂದಿನ ಲೈನುಗಳಲ್ಲಿ ಇದು ಜಾಸ್ತಿ. ಹಿಂದಿನವು ಗಿಡ್ಡವಾದರೆ ನೀವು ಮುಟ್ಟದಿದ್ದರೂ ಬ್ರೇಕ್ ಎಳೆದಂತೆಯೇ ಆಗಿ ವಿಂಗ್ ನಿಧಾನವಾಗುತ್ತದೆ. ಅಳತೆ ತಯಾರಕರ ಪಟ್ಟಿಗೆ ಹೊಂದಿದರೆ ಮೊದಲು ನೆಲದ ಮೇಲೆ ಎಂಜಿನ್ ಇಲ್ಲದೆ ಎತ್ತಿ ನೋಡಿ. ನೇರವಾಗಿ, ಹಿಂದೆ ಬೀಳದೆ ತಲೆ ಮೇಲೆ ಬಂದು ನಿಂತರೆ ಹಾರಿಸಿ. ಹಿಂದೆ ಉಳಿಯುತ್ತಿದ್ದರೆ ಸರ್ವಿಸ್‌ಗೆ ಕಳಿಸಿ.